ಕೋತಿ ಕೇಸು, ದೇವರ ಕಾಲ್‌ಶೀಟು!

'ಆರೇ ದಿನದಲ್ಲಿ ಶೂಟಿಂಗ್ ಮುಗಿಸ್ತೀನಿ' ಅಂತ ಯಾವನಾದರೂ ನಿರ್ಮಾಪಕ ಹೇಳಿದರೆ ನೀವೂ ನಗ್ತೀರಿ, ನಾನೂ ನಗ್ತೀನಿ. ಸಿನಿಮಾದವರ 'ಒಂದು ದಿನ' ಎಷ್ಟು ಉದ್ದ ಅಂತ ಗೊತ್ತಿಲ್ಲದವರು ಯಾರು ಸ್ವಾಮಿ?

ಆದರೆ ಭೂಮಿ, ಆಕಾಶ, ಗಿಡ, ಮೀನು, ಮನುಷ್ಯ ಎಲ್ಲವನ್ನೂ ದೇವರು ಆರು ದಿನದಲ್ಲಿ ಮುಗಿಸಿ ಏಳನೆಯ ದಿನ ವಿಶ್ರಾಂತಿ ತಗೊಂಡ ಅಂತ ಬೈಬಲು ಆರಂಭದಲ್ಲೇ ಹೇಳುತ್ತದೆ. ಆ ದಿನ 24 ಗಂಟೆಯದೋ, ಕೋಟಿ ವರ್ಷದ್ದೋ? 1859ರಲ್ಲಿ ಡಾರ್ವಿನ್ ಪುಸ್ತಕ ಬಂದ ಮೇಲೆ ಕ್ರೈಸ್ತರ ಮನೆಯೊಳಗೇ ಜೋರಾದ ಈ ಜಗಳ ಇವತ್ತಿಗೂ ಪೂರಾ ತಣ್ಣಗಾಗಿಲ್ಲ.

ಜಗಳ ಅಂದಮೇಲೆ ಹಾಲಿವುಡ್ಡಿನವರು ಬಿಡ್ತಾರೆಯೇ? 1960ರಲ್ಲಿ ಸ್ಟ್ಯಾನ್ಲಿ ಕ್ರೇಮರ್ 'ಇನ್‌ಹೆರಿಟ್ ದ ವಿಂಡ್' ತೆಗೆದರು. ಸ್ಪೆನ್ಸರ್ ಟ್ರೇಸಿ, ಫ್ರೆಡ್ರಿಕ್ ಮಾರ್ಚ್ ಎದುರುಬದುರು ವಕೀಲರು. ಇಬ್ಬರ ನಟನೆ ನೋಡೋಕೆ ಎರಡು ಕಣ್ಣು ಸಾಲದು. ಕಥೆ ಇಷ್ಟು: ಮನುಷ್ಯ ಕೆಳಗಿನ ಪ್ರಾಣಿಗಳಿಂದ ವಿಕಾಸವಾದ ಅಂತ ಪಾಠ ಹೇಳಿದ ಮೇಷ್ಟ್ರು ಜೈಲಿಗೆ. ಊರ ಪಾದ್ರಿಯ ಮಗಳೇ ಅವನ ಪ್ರೇಯಸಿ. ತುಂಬಿದ ಸಭೆಯಲ್ಲಿ ಪಾದ್ರಿ ಸ್ವಂತ ಮಗಳಿಗೇ ಶಾಪ ಹಾಕ್ತಾನೆ! ಮಸಾಲೆ ನಮ್ಮಲ್ಲಿ ಮಾತ್ರ ಅಂತ ಯಾರಂದರು?

ಈಗ ಪರದೆ ಹಿಂದಕ್ಕೆ ಬನ್ನಿ. ನಿಜವಾದ ಕೇಸು ನಡೆದದ್ದು ಅಮೆರಿಕದ ಟೆನೆಸ್ಸಿ ರಾಜ್ಯದ ಡೇಟನ್ ಎಂಬ ಪುಟ್ಟ ಊರಿನಲ್ಲಿ, 1925ರ ಜುಲೈ ತಿಂಗಳಲ್ಲಿ. ಮೇಷ್ಟ್ರ ಹೆಸರು ಜಾನ್ ಸ್ಕೋಪ್ಸ್, ವಯಸ್ಸು 24. ಜೈಲೂ ಇಲ್ಲ, ಪಾದ್ರಿ ಮಗಳೂ ಇಲ್ಲ! ಕೇಸು ಹಾಕಿಸಿದರೆ ಊರಿನ ಹೆಸರು ಪೇಪರಿನಲ್ಲಿ ಬರುತ್ತದೆ ಅಂತ ದೊಡ್ಡ ಮನುಷ್ಯರೆಲ್ಲ ಔಷಧಿ ಅಂಗಡಿಯಲ್ಲಿ ಕೂತು ಲೆಕ್ಕ ಹಾಕಿದರು. ಟೆನಿಸ್ ಆಡುತ್ತಿದ್ದ ಮೇಷ್ಟ್ರನ್ನು ಕರೆಸಿ ಒಪ್ಪಿಸಿದರು. ಆ ಪಾಠ ಮಾಡಿದ್ದು ಅವರಿಗೇ ಸರಿಯಾಗಿ ನೆನಪಿರಲಿಲ್ಲ. ಇನ್ನೂ ತಮಾಷೆ ಕೇಳಿ. ವಿಕಾಸವಾದ ಇದ್ದ ಪಠ್ಯಪುಸ್ತಕ ಸರ್ಕಾರವೇ ಗೊತ್ತು ಮಾಡಿದ್ದು, ಮಾರುತ್ತಿದ್ದದ್ದು ಅದೇ ಔಷಧಿ ಅಂಗಡಿ! ಪಬ್ಲಿಸಿಟಿ ಅಂದರೆ ಇದು. ಸೂಟು ಹಾಕಿದ ಚಿಂಪಾಂಜಿ ಕೂಡ ಊರಿಗೆ ಬಂತು.

ಜುಲೈ 20ರಂದು ಕೋರ್ಟು ಬಯಲಿಗೇ ಬಂತು. ಬೈಬಲಿನ ಪರ ನಿಂತ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಅವರನ್ನು ಎದುರಾಳಿ ವಕೀಲ ಕ್ಲಾರೆನ್ಸ್ ಡ್ಯಾರೋ ಸಾಕ್ಷಿ ಕಟ್ಟೆಗೇ ಹತ್ತಿಸಿದರು. ಸೂರ್ಯ ಹುಟ್ಟಿದ್ದು ನಾಲ್ಕನೆಯ ದಿನ. ಮೊದಲ ಮೂರು ದಿನ ಬೆಳಿಗ್ಗೆ ಸಂಜೆ ಹೇಗಾಯಿತು ಸ್ವಾಮಿ ಅಂತ ಪ್ರಶ್ನೆ. ಬ್ರಯಾನರು ಆ ದಿನಗಳು 24 ಗಂಟೆಯವೇ ಆಗಬೇಕಿಲ್ಲ, ದೀರ್ಘ ಕಾಲವೂ ಆಗಿರಬಹುದು ಅಂದುಬಿಟ್ಟರು! ಅಕ್ಷರ ಅಕ್ಷರ ನಂಬಿ ಬಂದಿದ್ದವರಿಗೆ ನುಂಗಲಾರದ ತುತ್ತು.

ಆ ಕಡೆ ಮೇಷ್ಟ್ರ ಪರ ಬಂದಿದ್ದವರು ಯಾರು? ಪ್ರಾಣಿಶಾಸ್ತ್ರಜ್ಞ ಮೇನಾರ್ಡ್ ಮೆಟ್‌ಕಾಫ್ ಚರ್ಚಿನಲ್ಲಿ ಬೈಬಲ್ ಪಾಠ ಹೇಳಿದ್ದವರು. ಹಾರ್ವರ್ಡಿನ ಭೂವಿಜ್ಞಾನಿ ಕರ್ಟ್ಲಿ ಮೇದರ್ ಬ್ಯಾಪ್ಟಿಸ್ಟ್ ಭಕ್ತರು. ಅಂದರೆ ಇದು ದೇವರಿಗೂ ವಿಜ್ಞಾನಕ್ಕೂ ಕುಸ್ತಿ ಅಂತ ನಾವು ಅಂದುಕೊಂಡದ್ದೇ ತಪ್ಪು. ಭಾನುವಾರ ಚರ್ಚಿಗೆ ಹೋಗುವವರು ಎರಡು ಕಡೆಯೂ ಕೂತಿದ್ದರು. ಪಿಕ್ಚರಿನಲ್ಲಿ ಇಂಥವರಿಗೆ ಹೆಚ್ಚು ಜಾಗವಿಲ್ಲ.

ಬ್ರಯಾನರನ್ನೂ ಬರೀ ವಿಲನ್ ಮಾಡಬೇಡಿ. ಬಲ್ಲಿದ ಬಡವನನ್ನು ತುಳಿಯೋದೇ ಪ್ರಕೃತಿ ನಿಯಮ ಅಂತ ಮಕ್ಕಳು ಕಲಿತರೆ ಗತಿಯೇನು ಅನ್ನೋ ಭಯ ಅವರಿಗಿತ್ತು. ಭಯಕ್ಕೆ ಕಾರಣವೂ ಇತ್ತು. ಅದೇ ಪಠ್ಯಪುಸ್ತಕ ಮನುಷ್ಯರನ್ನು ಐದು ಜನಾಂಗ ಮಾಡಿ, ಬಿಳಿಯರೇ ಶ್ರೇಷ್ಠ ಅಂತ ಬರೆದಿತ್ತು! ಅದು ಡಾರ್ವಿನ್ನರ ವಿಜ್ಞಾನವಲ್ಲ, ವಿಜ್ಞಾನದ ವೇಷ ಹಾಕಿದ ದುರಹಂಕಾರ.

ಮೇಷ್ಟ್ರಿಗೆ 100 ಡಾಲರ್ ದಂಡ ಬಿತ್ತು. ದಂಡ ಗೊತ್ತು ಮಾಡಬೇಕಾದದ್ದು ಜ್ಯೂರಿ, ಜಡ್ಜ್ ಅಲ್ಲ ಅಂತ 1927ರಲ್ಲಿ ಮೇಲಿನ ಕೋರ್ಟು ತೀರ್ಪು ರದ್ದು ಮಾಡಿತು. ಕಾನೂನು ಹೋದದ್ದು 1967ರಲ್ಲಿ. ಬ್ರಯಾನರು ಕೇಸು ಮುಗಿದ ಐದು ದಿನಕ್ಕೆ ನಿದ್ದೆಯಲ್ಲೇ ತೀರಿಕೊಂಡರು. ಪಿಕ್ಚರಿನಲ್ಲಿ ಕೋರ್ಟಿನಲ್ಲೇ ಕುಸಿದು ಸಾಯ್ತಾರೆ. ಐದು ದಿನ ಕಾಯೋ ತಾಳ್ಮೆ ಸಿನಿಮಾದವರಿಗೆಲ್ಲಿ?

ಆದರೂ ಕೊನೆಯ ದೃಶ್ಯಕ್ಕೆ ಕೈ ಮುಗಿದೆ. ಎಲ್ಲರೂ ಹೋದ ಮೇಲೆ ಟ್ರೇಸಿ ಒಂದು ಕೈಯಲ್ಲಿ ಬೈಬಲು, ಇನ್ನೊಂದರಲ್ಲಿ ಡಾರ್ವಿನ್ ಹಿಡಿದು ತೂಗಿ ನೋಡ್ತಾರೆ. ಆಮೇಲೆ ಎರಡನ್ನೂ ಜೋಡಿಸಿಕೊಂಡು ಹೊರಗೆ ನಡೀತಾರೆ.

ಚರ್ಚಿಗೂ ಕಾಲೇಜಿಗೂ ಹೋಗುವ ಹುಡುಗನಿಗೆ 'ಎರಡರಲ್ಲಿ ಒಂದನ್ನು ಬಿಡು' ಅಂತ ಗದರೋ ಹಿರಿಯರು ಅದೊಂದು ಶಾಟ್ ನೋಡಬೇಕು. ಹುಡುಗ ಒಂದನ್ನು ಬಿಟ್ಟರೆ ಮನೆಯನ್ನೂ ಬಿಡಬಹುದು. ದೇವರ ಒಂದು ದಿನ ಎಷ್ಟು ಉದ್ದ ಅನ್ನೋ ಲೆಕ್ಕಕ್ಕೆ ಮಗನನ್ನು ಕಳಕೊಳ್ಳೋದೇ?

ಮುಂದಿನ ವಾರ ಸಿಗೋಣ. ಏಳೇ ದಿನ... 24 ಗಂಟೆಯವೇ!