ಬೆರಳೊತ್ತಿ ತರಿಸುವ ಊಟ

ನಮ್ಮ ಸುಶಿಕ್ಷಿತ ಮನೆಗಳಲ್ಲಿ ಹೊಸದೊಂದು ರೂಢಿಯು ನೆಲೆಯೂರಿರುವದು. ರವಿವಾರ ಸಂಜೆಯಾಯಿತೆಂದರೆ ಒಲೆಯನ್ನು ಹೊತ್ತಿಸದೆ ಮೊಬೈಲನ್ನು ತೆರೆಯುವರು. ಚಿತ್ರಗಳನ್ನು ನೋಡಿ ಬೆರಳೊತ್ತಿದರೆ ಊಟವು ಬಾಗಿಲಿಗೆ ಬರುವದು. ಈ ಸೌಕರ್ಯವನ್ನು ನಾನು ಹಳಿಯತಕ್ಕವನಲ್ಲ. ದಣಿದ ಗೃಹಿಣಿಗೆ ಒಂದು ಹೊತ್ತಿನ ವಿಶ್ರಾಂತಿಯು ನ್ಯಾಯವಾದದ್ದೇ. ನನ್ನ ಆಕ್ಷೇಪಣೆಯಿರುವದು ಬರುವ ಊಟದ ವಿಷಯದಲ್ಲಿ. ಸಜ್ಜೆ-ಜೋಳಗಳ ಕುಷ್ಟಗಿ, ಯಲಬುರ್ಗಿಗಳಲ್ಲಿ ಹುಟ್ಟಿದವರು, ತುಂಗಭದ್ರೆಯ ಎಡದಂಡೆಯ ಕಾಲುವೆಯಿಂದ ಭತ್ತದ ಕಣಜವಾದ ಗಂಗಾವತಿಯಲ್ಲಿ ಬೆಳೆದವರು, ತರಿಸುವದೇನು? ಚಿಕನ್ ಬಿರಿಯಾನಿ, ಇಲ್ಲವೆ ಚೀಸ್ ಸುರಿದ ಪಿಝ್ಝಾ!

"ನಾವು ಶಾಕಾಹಾರಿಗಳು, ನಮಗೇಕೆ ಈ ಮಾತು?" ಎಂದು ಕೆಲವರು ಮೂಗು ಮುರಿಯಬಹುದು. ಮೊದಲು ಉತ್ತರ ಕೊಡಬೇಕಾದವರು ಅವರೇ. 2018ರಲ್ಲಿ ಪೂರ್ ಮತ್ತು ನೆಮೆಸೆಕ್ ಎಂಬ ಪಂಡಿತರು ‘ಸೈನ್ಸ್’ ಪತ್ರಿಕೆಯಲ್ಲಿ ನೂರಕ್ಕೂ ಹೆಚ್ಚು ದೇಶಗಳ ಬೇಸಾಯದ ಲೆಕ್ಕವನ್ನು ಪ್ರಕಟಿಸಿದರು. 100 ಗ್ರಾಂ ಪ್ರೋಟೀನನ್ನು ಒದಗಿಸುವಾಗ ಹೊರಬೀಳುವ, ಭೂಮಿಯನ್ನು ಕಾಯಿಸುವ ಅನಿಲದ ಜಾಗತಿಕ ಸರಾಸರಿಯು ಹೀಗಿರುವದು: ಮಾಂಸಕ್ಕಾಗಿಯೇ ಸಾಕಿದ ದನದ ಮಾಂಸಕ್ಕೆ 50 ಕಿಲೊ, ಚೀಸಿಗೆ 11, ಕೋಳಿಗೆ 6ರ ಸಮೀಪ, ಶೇಂಗಾಕ್ಕೆ 1ಕ್ಕಿಂತ ತುಸು ಹೆಚ್ಚು, ಬೇಳೆಕಾಳುಗಳಿಗಾದರೋ 1 ಕಿಲೊ ಕೂಡ ಇಲ್ಲ. ಹೀಗಿರಲು ಚೀಸನ್ನು ಚಪ್ಪರಿಸುವವರಿಗೆ ಕೋಳಿ ತಿನ್ನುವವರನ್ನು ಕೀಳಾಗಿ ಕಾಣುವ ಅಧಿಕಾರವೆಲ್ಲಿಯದು?

ಮಡಿಯ ಮಾತನ್ನು ಇದರಲ್ಲಿ ತುರುಕಿದರೆ ಏನಾಗುವದೆಂಬದನ್ನು 2024ರ ಮಾರ್ಚ್‌ನಲ್ಲಿ ಕಂಡೆವು. ಝೊಮ್ಯಾಟೊ ಕಂಪನಿಯು ‘ಶುದ್ಧ ಸಸ್ಯಾಹಾರ’ವನ್ನು ಒಯ್ಯುವವರಿಗೆ ಪ್ರತ್ಯೇಕ ಹಸಿರು ಉಡುಪೆಂದು ಸಾರಿತು. ಕೆಂಪು ಉಡುಪಿನವನು ಬಂದ ಮನೆಯ ಬಾಡಿಗೆಯವರನ್ನು ಒಡೆಯರು ಪೀಡಿಸಬಹುದೆಂಬ ಕೂಗೆದ್ದಿತು; ಮರುದಿನವೇ ಹಸಿರು ಉಡುಪನ್ನು ಹಿಂತೆಗೆದುಕೊಳ್ಳಬೇಕಾಯಿತು. ಸಸ್ಯಾಹಾರವನ್ನು ಜಾತಿಯ ಬಿಲ್ಲೆಯನ್ನಾಗಿ ಮಾಡುವವರು ಅದರ ಮಿತ್ರರಲ್ಲ, ಶತ್ರುಗಳು. ಕೊಪ್ಪಳದ ಗವಿಮಠದ ಜಾತ್ರೆಯನ್ನು ನೋಡಿರಿ. ದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ಬಂಡಿಗಟ್ಟಲೆ ಜೋಳದ ರೊಟ್ಟಿ ಬರುವದು. ಬೇಳೆ, ಕಾಳು, ಕಾಯಿಪಲ್ಲೆಗಳ ಆ ಊಟಕ್ಕೆ ಎಲ್ಲರೂ ಕೂಡ್ರುವರು. ಮನೆಯಲ್ಲಿ ಮಾಂಸ ತಿನ್ನುವವನೂ ಅಲ್ಲಿ ತೃಪ್ತನಾಗಿ ಏಳುವನಲ್ಲವೆ?

ಆದುದರಿಂದ ಯಾರ ಗಡಿಗೆಯಲ್ಲಿ ಏನು ಬೇಯುತ್ತಿದೆಯೆಂದು ನಾನು ಇಣುಕುವದಿಲ್ಲ. ಕೇಳುವದಿಷ್ಟೇ: ಹೊರಗಿನಿಂದ ತರಿಸುವಾಗಲಾದರೂ ಖಾನಾವಳಿಯ ರೊಟ್ಟಿ ಊಟವನ್ನು ತರಿಸಿರಿ. ಎಣ್ಣೆಗಾಯಿ, ಜುಣಕ, ಪುಂಡಿಪಲ್ಯ, ಮಡಿಕೆಕಾಳು, ಗುರೆಳ್ಳು ಹಿಂಡಿ. ಇದರಲ್ಲಿ ಯಾವದಕ್ಕೆ ಕೊರತೆ? ಮೊಸರು-ತುಪ್ಪಗಳು ಬೇಡವಾದರೆ ಸೂಚನೆಯ ಜಾಗದಲ್ಲಿ ಒಂದು ಸಾಲು ಬರೆದರಾಯಿತು. ಬೆಂಗಳೂರಿನ ಕೋಣೆಗಳಲ್ಲಿರುವ ನಮ್ಮ ಮಕ್ಕಳಿಗೂ ಅಲ್ಲಿ ಉತ್ತರ ಕರ್ನಾಟಕದ ಖಾನಾವಳಿಗಳು ಬೇಕಾದಷ್ಟಿವೆ. ನಮ್ಮೂರ ಖಾನಾವಳಿಯ ಹೆಸರು ಮೊಬೈಲಿನ ಪಟ್ಟಿಯಲ್ಲಿ ಕಾಣದಿದ್ದರೆ ಮಾಲಕರನ್ನೇ ಕೇಳಿರಿ. ಗಿರಾಕಿಯು ಕೇಳದ ಪದಾರ್ಥವನ್ನು ಯಾವ ವ್ಯಾಪಾರಿಯೂ ಮುಂದಿಡುವದಿಲ್ಲ.

ಮಕ್ಕಳು ಒಲ್ಲೆವೆನ್ನುವರೆಂಬ ದೂರು ನನಗೂ ಪರಿಚಿತವಾದದ್ದೇ. ಬಿಸಿರೊಟ್ಟಿಗೆ ಎಣ್ಣೆ ಸವರಿ, ಶೇಂಗಾ ಹಿಂಡಿ ಉದುರಿಸಿ, ಸುರುಳಿ ಸುತ್ತಿ ಕೈಗಿಟ್ಟು ನೋಡಿರಿ, ಆಮೇಲೆ ಮಾತಾಡೋಣ.