ತೇಗಿನಲ್ಲಿ ಹೋಗುವ ಹಿಂಡಿ ಕಾಸು

ಡೇರಿಗೆ ಹಾಲು ಹಾಕುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ಭೂಮಿ ಬಿಸಿಯಾಗುವುದಕ್ಕೆ ಹಸುವೂ ಕಾರಣ ಎಂದರೆ ನಮಗೆ ಸಿಟ್ಟು ಬರುತ್ತದೆ. ಕಾರು, ವಿಮಾನದಲ್ಲಿ ಓಡಾಡುವವರನ್ನು ಬಿಟ್ಟು ಎರಡು ರಾಸು ಕಟ್ಟಿಕೊಂಡವರ ಮೇಲೇಕೆ ಕಣ್ಣು? ಸಿಟ್ಟು ನ್ಯಾಯವೇ. ಆದರೆ ಈ ಲೆಕ್ಕದಲ್ಲಿ ನಮ್ಮ ಗಂಟೂ ಕರಗುತ್ತಿದೆ.

ಹಸುವಿನ ದೊಡ್ಡ ಹೊಟ್ಟೆಯಲ್ಲಿ ಮೇವು ಹುದುಗುವಾಗ ಅಲ್ಲಿನ ಸೂಕ್ಷ್ಮಜೀವಿಗಳಿಂದ ಮೀಥೇನ್ ಅನಿಲ ಹುಟ್ಟುತ್ತದೆ. ಹೊರಬರುವುದು ಬಹುಪಾಲು ತೇಗಿನಲ್ಲಿ (ಹಿಂದಿನಿಂದ ಎಂದು ನಗುವವರು ತಿದ್ದಿಕೊಳ್ಳಲಿ). ನೂರು ವರ್ಷದ ಲೆಕ್ಕ ಹಿಡಿದರೆ, ತೂಕಕ್ಕೆ ತೂಕ, ಇದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ಗಾಳಿಯಲ್ಲಿ ಉಳಿಯುವುದು ಮಾತ್ರ ಹನ್ನೆರಡು ವರ್ಷದಷ್ಟು. ಇವತ್ತು ತಗ್ಗಿಸಿದರೆ ಫಲ ನಮ್ಮ ಕಾಲದಲ್ಲೇ ಕಾಣುತ್ತದೆ. ಇನ್ನು, ಹೀಗೆ ಹಾರಿಹೋಗುವುದು ಹಾಲಾಗಬಹುದಾಗಿದ್ದ ಶಕ್ತಿ. ಬರೀ ಒಣಹುಲ್ಲು ತಿನ್ನುವ ಹಸುವಿನಲ್ಲಿ ಮೇವಿನ ಶಕ್ತಿಯ ನೂರಕ್ಕೆ ಆರೇಳು ಪಾಲು ತೇಗಿಗೇ ಸಂದಾಯ.

ರಾಗಿ ಹುಲ್ಲಿನ ಜೊತೆ ಹಸಿರು ಮೇವು, ಅಲಸಂದೆ, ಖನಿಜ ಮಿಶ್ರಣ ಹದವಾಗಿ ಸೇರಿದರೆ ಲೀಟರ್ ಹಾಲಿಗೆ ಬೀಳುವ ಮೀಥೇನ್ ಇಳಿಯುತ್ತದೆ. ಹಸು ಹೊತ್ತಿಗೆ ಸರಿಯಾಗಿ ಗಬ್ಬವಾಗುವುದೂ ಅಷ್ಟೇ ಮುಖ್ಯ: ಹಾಲು ಬತ್ತಿ ನಿಂತ ಹಸುವೂ ತೇಗುತ್ತದೆ, ಹಿಂಡಿಯನ್ನೂ ಕೇಳುತ್ತದೆ. ಬೆಂಗಳೂರಿನ ಆಡುಗೋಡಿಯಲ್ಲಿರುವ ಕೇಂದ್ರದ ಪಶು ಪೋಷಣಾ ಸಂಶೋಧನಾ ಸಂಸ್ಥೆ ಒಗರು ಗುಣದ ಸಸ್ಯವಸ್ತುಗಳಿಂದ ‘ಹರಿತ್ ಧಾರಾ’ ಎಂಬ ಪುಡಿ ಮಾಡಿದೆ. ಮೇವಿಗೆ ಬೆರೆಸಿದರೆ ಮೀಥೇನ್ ಶೇ 17ರಿಂದ 20ರಷ್ಟು ತಗ್ಗುತ್ತದೆ ಎಂದು ಸಂಸ್ಥೆ ಹೇಳುತ್ತದೆ. ಪ್ರಯೋಗಾಲಯ ಬೆಂಗಳೂರಿನಲ್ಲೇ ಇರುವಾಗ ಪುಡಿ ನಮ್ಮೂರ ಡೇರಿಗೆ ಬರಲು ದೂರವೇನಿದೆ?

ಸಗಣಿಯ ಮಾತು ಚಿಕ್ಕದು. ನಾಲ್ಕೈದು ರಾಸಿರುವ ಮನೆಯಲ್ಲಿ ಗೋಬರ್ ಗ್ಯಾಸ್ ಒಂದು ಸಂಸಾರದ ಒಲೆ ಉರಿಸುತ್ತದೆ. ಆದರೆ ಗುಂಡಿ ಕಟ್ಟಿಸಿ ರಿಪೇರಿ ಮಾಡದೆ ಬಿಟ್ಟರೆ, ಸೋರುವುದೂ ಅದೇ ಮೀಥೇನ್.

ಖರ್ಚು ಯಾರದ್ದು? ಹಿಂಡಿ, ಬೂಸಾ ಬೆಲೆ ಏರುತ್ತಿರುವಾಗ ಇದನ್ನೂ ರೈತರ ತಲೆಗೆ ಕಟ್ಟುವುದನ್ನು ನಾವು ಒಪ್ಪುವುದಿಲ್ಲ. ಲೀಟರಿಗೆ ಕೊಡುವ ಪ್ರೋತ್ಸಾಹಧನ ಹಾಲಿನ ಅಳತೆಯನ್ನಷ್ಟೇ ನೋಡುತ್ತದೆ. ಹಸುವಿನ ಮುಂದಿನ ಗೋದಲಿಯನ್ನು ನೋಡುವುದಿಲ್ಲ. ಖನಿಜ ಮಿಶ್ರಣ ಮತ್ತು ಈ ಪುಡಿಯನ್ನು ಹಾಲು ಒಕ್ಕೂಟ ಅರ್ಧ ಬೆಲೆಗೆ ಕೊಡಲಿ. ಕೊಟ್ಟಿಗೆಗೇ ಬಂದು ಮೇವಿನ ಅಳತೆ ಹೇಳಿಕೊಡುವ ಒಬ್ಬರನ್ನು ಪ್ರತಿ ಸಂಘಕ್ಕೂ ನೇಮಿಸಲಿ.

ಈ ಸಲದ ಮಹಾಸಭೆಯಲ್ಲಿ ಫ್ಯಾಟ್ ದರದ ಜಗಳಕ್ಕೆ ಮೊದಲು ಇದನ್ನು ಕೇಳಿ. ಬಾಯಿಮಾತಿಗೆ ಬಿಡಬೇಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ.