ದೊಡ್ಡ ಮೋಟರ್ ಹಾಕಿದ್ರೆ ಜಾಸ್ತಿ ನೀರು ಬರುತ್ತಾ?

ಮಳೆಗಾಲ ಬಂದರೆ ಭರಚುಕ್ಕಿ ರೀಲ್ಸ್ ನಿಮ್ಮ ಫೋನಿಗೂ ಬಂದೇ ಬಂದಿರುತ್ತೆ. ನಮ್ಮೂರು ಕೊಳ್ಳೇಗಾಲ ಅಂದ್ರೆ ಆಫೀಸಿನವರಿಗೆ ನೆನಪಾಗೋದು ಅದೊಂದೇ. ನನಗೆ ಮಾತ್ರ ಆ ನೀರು ನೋಡಿದಾಗ ಹೈಸ್ಕೂಲಿನ ಸೂತ್ರವೊಂದು ನೆನಪಾಗುತ್ತೆ: ಕೆಲಸವನ್ನು ಸಮಯದಿಂದ ಭಾಗಿಸಿದರೆ ಸಾಮರ್ಥ್ಯ. ಒಂದು ಸೆಕೆಂಡಿಗೆ ಒಂದು ಜೂಲ್ ಕೆಲಸವಾದರೆ ಅದು ಒಂದು ವಾಟ್.

ಭರಚುಕ್ಕಿಯಿಂದ ಆಚೆ, ಮಳವಳ್ಳಿ ಕಡೆಗಿರುವುದು ಶಿವನಸಮುದ್ರದ ವಿದ್ಯುತ್ ಕೇಂದ್ರ. 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಬೆಂಗಳೂರಿಗೆ ಬಂದದ್ದು 1905ರಲ್ಲಿ. ಅಲ್ಲಿ ನೀರು ಇಳಿಯುವ ಎತ್ತರ ಸುಮಾರು 120 ಮೀಟರ್, ಅಂದರೆ 400 ಅಡಿ. ಗುರುತ್ವವನ್ನು 9.8ರ ಬದಲು 10 ಅಂತ ಹಿಡಿಯೋಣ, ಪರೀಕ್ಷೆಯೇನೂ ಅಲ್ಲವಲ್ಲ. ಒಂದು ಲೀಟರ್ ನೀರಿನ ತೂಕ ಒಂದು ಕೆಜಿ. 1×10×120, ಅಂದರೆ ಪ್ರತಿ ಲೀಟರಿಗೆ 1,200 ಜೂಲ್. ಕಾವೇರಿ ಗಲಾಟೆ ಬಂದಾಗಲೆಲ್ಲ ಟಿವಿಯಲ್ಲಿ ಕೇಳುವ ಕ್ಯೂಸೆಕ್ ಇದೆಯಲ್ಲ, ಅದು ಸೆಕೆಂಡಿಗೆ 28 ಲೀಟರ್ ಚಿಲ್ಲರೆ. ಹಾಗಾಗಿ ಒಂದು ಕ್ಯೂಸೆಕ್ ನೀರಿಗೆ 34 ಕಿಲೋವಾಟ್. ಕೇಂದ್ರದ ಸಾಮರ್ಥ್ಯ 42 ಮೆಗಾವಾಟ್. ಅಷ್ಟನ್ನೂ ತೆಗೆಯಬೇಕಾದರೆ ಏನೂ ಪೋಲಾಗದಿದ್ದರೂ 1,200 ಕ್ಯೂಸೆಕ್‌ಗಿಂತ ಹೆಚ್ಚು ನೀರು ಬೇಕು. ನದಿ ಬತ್ತಿದರೆ ಎಷ್ಟು ದೊಡ್ಡ ಟರ್ಬೈನ್ ಇದ್ದರೂ ಸುಮ್ಮನೆ ಕೂತಿರಬೇಕಾದ್ದೇ.

ಈಗ ಈ ಲೆಕ್ಕವನ್ನೇ ತಲೆಕೆಳಗು ಮಾಡಿ ನಮ್ಮ ಹೊಲಕ್ಕೆ ಬನ್ನಿ. ಅಲ್ಲಿ ನೀರು ಬೀಳುವುದಿಲ್ಲ, ಏಳಬೇಕು.

ಹನೂರು ರಸ್ತೆ ಕಡೆ ನಮ್ಮದು ಸ್ವಲ್ಪ ಹಿಪ್ಪುನೇರಳೆ, ಸ್ವಲ್ಪ ಅರಿಶಿನ. ಬೋರು 600 ಅಡಿ, 5 ಎಚ್‌ಪಿ ಮೋಟರ್ ಇಳಿಬಿಟ್ಟಿರುವುದು 550 ಅಡಿಗೆ, ನೀರು ನಿಂತಿರುವುದು 400 ಅಡಿಯಲ್ಲಿ. ಈ ಬೇಸಿಗೆಯಲ್ಲಿ ಅಪ್ಪ ಫೋನ್ ಮಾಡಿ, "ಏಳೂವರೆ ಎಚ್‌ಪಿ ಹಾಕಿದ್ರೆ ನೀರು ಜಾಸ್ತಿ ಬತ್ತದಂತೆ ಕಣಪ್ಪ, ಅಂಗಡಿಯವ್ರು ಏಳ್ತಾವ್ರೆ" ಅಂದರು. ಹತ್ತು ಎಚ್‌ಪಿವರೆಗೆ ಕರೆಂಟು ಉಚಿತ, ಬಿಲ್ಲಿನ ಭಯವಿಲ್ಲ. ತ್ರೀ ಫೇಸ್ ದಿನಕ್ಕೆ ಏಳು ಗಂಟೆ ಅಂತ ಲೆಕ್ಕ. ಸಮಯ ಕಮ್ಮಿ ಇದ್ದಾಗ ಸಾಮರ್ಥ್ಯ ಜಾಸ್ತಿ ಬೇಕು ಅನ್ನೋದು ಸೂತ್ರದ ಪ್ರಕಾರವೂ ಸರಿಯೇ. ಆದರೆ ಹೊಸ ಮೋಟರ್, ಕೇಬಲ್, ಸ್ಟಾರ್ಟರ್, ಎತ್ತಿಳಿಸುವ ಕೂಲಿ ಎಲ್ಲ ಸೇರಿದರೆ ಒಂದು ಬೆಳೆಯ ಲಾಭ ಅಲ್ಲಿಗೇ ಹೋಗುತ್ತೆ.

"ದುಡ್ಡು ಕೊಡೋಕೆ ಮುಂಚೆ 200 ಲೀಟರ್ ಡ್ರಮ್ಮು ಪೈಪಿನ ಕೆಳಗಿಟ್ಟು ಫೋನಿನಲ್ಲಿ ಸ್ಟಾಪ್‌ವಾಚ್ ಹಾಕಿ" ಅಂದೆ.

ಮೋಟರ್ ಹಾಕಿದ ತಕ್ಷಣ ಡ್ರಮ್ಮು ತುಂಬಿದ್ದು 130 ಸೆಕೆಂಡಿಗೆ. 200 ಲೀಟರನ್ನು 120 ಮೀಟರ್ ಎತ್ತುವ ಕೆಲಸ 2,40,000 ಜೂಲ್. ಅದನ್ನು 130ರಿಂದ ಭಾಗಿಸಿದರೆ ಸುಮಾರು 1,850 ವಾಟ್. ಒಂದು ಎಚ್‌ಪಿ 746 ವಾಟ್, ಅಂದರೆ ನೀರಿಗೆ ತಲುಪಿದ್ದು ಎರಡೂವರೆ ಎಚ್‌ಪಿ. ಉಳಿದರ್ಧ ಪಂಪಿನೊಳಗೆ, ಪೈಪಿನ ಘರ್ಷಣೆಯಲ್ಲಿ ಹೋಯಿತು. ಸಬ್‌ಮರ್ಸಿಬಲ್‌ಗೆ ಇದು ತೀರಾ ಕೆಟ್ಟದ್ದೇನಲ್ಲ. ಇಲ್ಲಿ ಒಂದು ವಿಷಯ ಗಮನಿಸಿ: ಎತ್ತರ ಅಳೆಯಬೇಕಾದ್ದು ನೀರಿನ ಮಟ್ಟದಿಂದ. ಬೋರಿನ ಆಳ, ಮೋಟರಿನ ಆಳ ಎರಡೂ ಲೆಕ್ಕಕ್ಕೆ ಬರುವುದಿಲ್ಲ. ಊರಲ್ಲಿ "ನಮ್ದು ಸಾವಿರ ಅಡಿ" ಅಂತ ಮೀಸೆ ತಿರುವುವವರಿಗೆ ಇದನ್ನು ಹೇಳಿ ಪ್ರಯೋಜನವಿಲ್ಲ ಬಿಡಿ.

ಒಂದು ಗಂಟೆ ಬಿಟ್ಟು ಮತ್ತೆ ಅಳೆಯೋಕೆ ಹೇಳಿದ್ದೆ. ಆಗ 170 ಸೆಕೆಂಡ್. ಮೋಟರ್ ಅದೇ, ಕರೆಂಟು ಅದೇ. ನೀರಿನ ಮಟ್ಟ ಕೆಳಗಿಳಿದಿತ್ತು, ಪ್ರತಿ ಲೀಟರಿಗೂ ಕೆಲಸ ಹೆಚ್ಚಾಗಿತ್ತು. ಆಮೇಲೆ ಎಷ್ಟು ಹೊತ್ತು ಓಡಿಸಿದರೂ ಅಲ್ಲೇ ನಿಂತಿತು. ಅಂದರೆ ಬಂಡೆಯ ಸಂದಿನಿಂದ ಬೋರಿಗೆ ಬರುತ್ತಿರುವುದೇ ಸೆಕೆಂಡಿಗೆ ಹೆಚ್ಚೂ ಕಮ್ಮಿ 1.2 ಲೀಟರ್.

ಏಳೂವರೆ ಹಾಕಿದರೆ? ಶುರುವಿನಲ್ಲಿ ಸೆಕೆಂಡಿಗೆ 2.3 ಲೀಟರ್ ಎಳೆಯುತ್ತೆ, ನೋಡೋಕೆ ಚೆಂದ. ಆದರೆ ಆರೂವರೆ ಇಂಚಿನ ಬೋರಿನಲ್ಲಿ ಒಂದು ಅಡಿಗೆ ನಿಲ್ಲುವ ನೀರು ಆರೂವರೆ ಲೀಟರ್ ಅಷ್ಟೇ. 400ರಿಂದ 550 ಅಡಿವರೆಗೆ ಒಂದು ಸಾವಿರ ಲೀಟರೂ ಇಲ್ಲ. ಅರ್ಧ ಗಂಟೆಯೊಳಗೆ ಅದು ಖಾಲಿ, ಆಮೇಲೆ ಗಾಳಿ. ಸಬ್‌ಮರ್ಸಿಬಲ್ ಮೋಟರನ್ನು ತಣ್ಣಗಿಡುವುದೇ ಸುತ್ತಲಿನ ನೀರು. ಅದಿಲ್ಲದೆ ಓಡಿದರೆ ಕಾಯಿಲ್ ಸುಟ್ಟು ರಿವೈಂಡಿಂಗ್ ಖರ್ಚು. ಹಳೆಯ 5 ಎಚ್‌ಪಿಯೇ ಏಳು ಗಂಟೆ ಒಂದೇ ಸಮ ಓಡಿದರೆ ದಿನಕ್ಕೆ ಹತ್ತಿರಹತ್ತಿರ 30,000 ಲೀಟರ್. ಈ ಬೋರಿನಲ್ಲಿ ಇರೋದೇ ಅಷ್ಟು.

ಅಪ್ಪ ಎಲ್ಲ ಕೇಳಿಸಿಕೊಂಡು, "ಅಂಗಾದ್ರೆ ಆ ದುಡ್ಡು ಡ್ರಿಪ್ ಪೈಪ್‌ಗೆ ಆಯ್ತದೆ" ಅಂದರು. ಅಂಗಡಿಯವರಿಗೆ ಏನು ಹೇಳಿದರೋ ಗೊತ್ತಿಲ್ಲ. ಸ್ಟಾರ್ಟರ್ ಡಬ್ಬಿಯ ಮುಚ್ಚಳದ ಒಳಗೆ ಸೀಮೆಸುಣ್ಣದಲ್ಲಿ 130, 170 ಅಂತ ಬರೆದಿಟ್ಟಿದ್ದಾರೆ. ಮಳೆ ಹಿಡಿದ ಮೇಲೆ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಸೇರಿದೆ: 150.